ಕಾದಂಬರಿಗೂ ಒಬ್ಬ ಹೇಳುವವರು ಬೇಕು

‘ಓದಾಕ ಏನರ ಒಂದ್ ಕಾದಂಬರಿ ಕೊಡ್ರಿ.’ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಗ್ರಂಥಾಲಯದ ಮೇಜಿನ ಮುಂದೆ ನಿಂತ ಸಾಮಾನ್ಯ ಓದುಗ ಕೇಳುವುದು ಹೆಚ್ಚುಕಡಿಮೆ ಹೀಗೆಯೇ. ಲೇಖಕರ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ, ‘ಏನರ’ ಅಷ್ಟೇ. ಸಿಗುವ ಉತ್ತರವೂ ಅಷ್ಟೇ ಚಿಕ್ಕದು: ‘ಅಲ್ಲಿ ಕಪಾಟಿನ್ಯಾಗ ಅದಾವ, ನೋಡ್ಕೋರಿ.’ ಈ ಉತ್ತರ ಕೊಡುವವರಲ್ಲಿ ಒರಟುತನವಾಗಲಿ ಸೋಮಾರಿತನವಾಗಲಿ ಇದೆ ಎಂದು ನಾನು ಹೇಳುತ್ತಿಲ್ಲ. ಇಲಾಖೆ, ಪಂಚಾಯಿತಿ, ಓದಿಕೊಂಡ ಜನ, ಕೊನೆಗೆ ಓದುಗರೂ ಸೇರಿ ಒಪ್ಪಿಕೊಂಡ ಒಂದು ತಿಳಿವಳಿಕೆ ಅದರ ಹಿಂದಿದೆ. ಗ್ರಂಥಾಲಯದ ಸಿಬ್ಬಂದಿಯ ಕೆಲಸ ಬಾಗಿಲು ತೆಗೆಯುವುದು, ಪುಸ್ತಕ ಕಾಯುವುದು, ಸಹಿ ಹಾಕಿಸಿಕೊಳ್ಳುವುದು. ಯಾರು ಏನು ಓದಬೇಕೆಂದು ಹೇಳುವುದು ಮೇಷ್ಟ್ರ ಕೆಲಸ, ವಿಮರ್ಶಕರ ಕೆಲಸ. ಅದರಲ್ಲೂ ಕಥೆ-ಕಾದಂಬರಿಯೆಂದರೆ ಟೈಂಪಾಸ್; ಟೈಂಪಾಸಿಗೆ ಸಲಹೆ ಯಾಕೆ? ಈ ತಿಳಿವಳಿಕೆ ಬುಡದಿಂದಲೇ ತಪ್ಪು. ಪತ್ತೇದಾರಿ ಓದುವವರ ಕೈಗೆ ಚರಿತ್ರೆಯ ಕಾದಂಬರಿಯನ್ನು, ಸಂಸಾರದ ಕಥೆ ಓದುವವರ ಕೈಗೆ ವಿಜ್ಞಾನದ ಕಥೆಯನ್ನು ‘ಇದನ್ನೊಂದು ಸಲ ನೋಡ್ರಿ’ ಎಂದು ಇಡುವುದು ಗ್ರಂಥಾಲಯದ ಮೂಲ ಕೆಲಸ. ಉಳಿದದ್ದೆಲ್ಲ ಅದಕ್ಕೆ ಬೇಕಾದ ಏರ್ಪಾಟು.

ಮೊದಲು ಎದುರಾಗುವ ವಾದ ನೌಕರಿಯದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರಂಥಾಲಯದ ಕುರ್ಚಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುವವರು ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು. ಸಂವಿಧಾನಕ್ಕೆ 371 (ಜೆ) ವಿಧಿ ಬಂದ ಮೇಲೆ ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ಆಸೆ ಬಲಿಯಿತು, ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಗ್ರಂಥಾಲಯ ಆಸರೆಯಾಯಿತು. ಅದು ಒಳ್ಳೆಯದೇ. ಇಂಥ ಕಡೆ ಕಾದಂಬರಿಯ ಮಾತೆತ್ತುವುದು ಹೊಟ್ಟೆ ತುಂಬಿದವರ ಚಟ ಎಂದು ಕೆಲವರು ಹೇಳುತ್ತಾರೆ. ಆದರೆ ಗಮನಿಸಿ: ಆ ಓದುಗರಲ್ಲಿ ಎಷ್ಟೋ ಮಂದಿ ಗೈಡನ್ನು ತಾವೇ ತಂದಿರುತ್ತಾರೆ. ಅವರಿಗೆ ಬೇಕಿರುವುದು ಫ್ಯಾನು, ಬೆಳಕು, ಮೇಜು. ಅಂದರೆ ಗ್ರಂಥಾಲಯ ಅವರಿಗೆ ಕೊಡುತ್ತಿರುವುದು ಕೋಣೆಯನ್ನು, ಪುಸ್ತಕವನ್ನಲ್ಲ. ನೌಕರಿ ಸಿಕ್ಕ ದಿನ ಅಥವಾ ವಯೋಮಿತಿ ಮೀರಿದ ದಿನ ಅವರು ಗ್ರಂಥಾಲಯಕ್ಕೆ ಬೆನ್ನು ತಿರುಗಿಸುತ್ತಾರೆ, ಮತ್ತೆ ಬರುವುದಿಲ್ಲ. ಮೂರು ವರ್ಷ ದಿನಾ ಬಂದ ಮನುಷ್ಯನನ್ನು ಓದುಗನಾಗಿ ಉಳಿಸಿಕೊಳ್ಳಲಾಗದ ಗ್ರಂಥಾಲಯದಲ್ಲಿ ಏನೋ ಕೊರತೆಯಿದೆ. ಆ ಮೂರು ವರ್ಷದಲ್ಲಿ ಒಂದು ದಿನ, ಪರೀಕ್ಷೆ ಮುಗಿದ ಮರುದಿನವೇ ಇರಲಿ, ಯಾರಾದರೂ ಒಂದು ಕಾದಂಬರಿ ಎತ್ತಿ ಕೈಗೆ ಕೊಟ್ಟಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಇನ್ನು ಗ್ರಂಥಾಲಯಕ್ಕೆ ಬರದೇ ಇರುವವರ ಲೆಕ್ಕ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸು, ಹೆಣ್ಣುಮಕ್ಕಳದು ಶೇ 57ರ ಆಸುಪಾಸು. ಈ ಅಂಕಿಯನ್ನು ನಾವು ಸಾಮಾನ್ಯವಾಗಿ ಓದಲು ಬಾರದವರ ಕಡೆಯಿಂದ ನೋಡಿ ನಿಟ್ಟುಸಿರು ಬಿಡುತ್ತೇವೆ. ಓದಲು ಬರುವವರ ಕಡೆಯಿಂದ ನೋಡಿದರೆ ಬೇರೆಯ ಪ್ರಶ್ನೆ ಏಳುತ್ತದೆ. ಅಕ್ಷರ ಕಲಿತ ಈ ಹೆಂಗಸರು ಏನನ್ನು ಓದುತ್ತಿದ್ದಾರೆ? ಸ್ವಸಹಾಯ ಸಂಘದ ಪಾಸ್‌ಬುಕ್ಕು, ಪಡಿತರದ ಚೀಟಿ, ಮಕ್ಕಳ ಪಠ್ಯ. ಬಳಸದ ಅಕ್ಷರ ಮರೆಯುತ್ತದೆ, ಬಳಸುವಂತೆ ಮಾಡುವುದು ರುಚಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನಿಂದ ಅವರಿಗೆ ರುಚಿ ಹತ್ತುವುದಿಲ್ಲ. ‘ಮುಂದೇನಾಯ್ತು’ ಎಂದು ರಾತ್ರಿ ಅಡುಗೆ ಮುಗಿಸಿ ಹಾಳೆ ತಿರುವುವಂತೆ ಮಾಡುವ ಪುಸ್ತಕ ಬೇಕು. ಅದನ್ನು ಟೈಂಪಾಸ್ ಎಂದು ಕರೆಯುವವರು ಕರೆದುಕೊಳ್ಳಲಿ.

ಕಪಾಟನ್ನೇ ತೆರೆದಿಟ್ಟರೆ ಸಾಲದೇ, ಆರಿಸಿಕೊಳ್ಳಲಿ ಎನ್ನುವವರು ಒಮ್ಮೆ ಆ ಕಪಾಟಿನ ಮುಂದೆ ನಿಂತು ನೋಡಬೇಕು. ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರ ಮುಂದೆ 3 ಸೇರಿದರೆ ಕಾದಂಬರಿ, ಕಥೆ. ತ್ರಿವೇಣಿ, ಭೈರಪ್ಪ, ಸಾಯಿಸುತೆ, ಎನ್. ನರಸಿಂಹಯ್ಯ, ತೇಜಸ್ವಿ ಎಲ್ಲರ ಬೆನ್ನಿಗೂ ಅದೇ ಸಂಖ್ಯೆಯ ಚೀಟಿ. ಅಷ್ಟನ್ನೂ ಅಂಟಿಸುವ ವ್ಯವಧಾನವಿಲ್ಲದ ಕಡೆ ‘ಕಾದಂಬರಿ’ ಎಂಬ ಒಂದೇ ಹಣೆಪಟ್ಟಿ ಕಪಾಟಿನ ನೆತ್ತಿಯ ಮೇಲಿರುತ್ತದೆ. ಪುಸ್ತಕದ ಬೆನ್ನು ಮಾಸಿ ಹೆಸರೇ ಕಾಣದು, ರಟ್ಟಿನ ಬೈಂಡ್ ಹಾಕಿಸಿದ್ದರೆ ಮುಖಪುಟವೂ ಒಳಗೆ ಮುಚ್ಚಿಹೋಗಿರುತ್ತದೆ. ಅದರ ಮೇಲೆ ಸಗಟು ಖರೀದಿಯ ಮಹಿಮೆ: ಬೆಂಗಳೂರಿನಲ್ಲಿ ಸಮಿತಿ ಆರಿಸಿದ ಪುಸ್ತಕದ 300 ಪ್ರತಿ ಕೊಂಡು ರಾಜ್ಯಕ್ಕೆಲ್ಲ ಹಂಚುವ ಪದ್ಧತಿಯಲ್ಲಿ, ಮಂಗಳೂರಿಗೆ ಹೋದ ಗಂಟೇ ಕುಷ್ಟಗಿಗೂ ಬರುತ್ತದೆ. ಯಾರೂ ಕೇಳದ, ಯಾರೂ ಹೆಸರು ಕೇಳಿರದ ಪುಸ್ತಕಗಳ ನಡುವೆ ಒಂದು ಒಳ್ಳೆಯ ಪುಸ್ತಕ ಇದ್ದರೂ ಅದು ಹೊಸ ಓದುಗನಿಗೆ ತಾನಾಗಿ ಸಿಗುವುದು ಲಾಟರಿ. ಇದನ್ನು ‘ಆಯ್ಕೆಯ ಸ್ವಾತಂತ್ರ್ಯ’ ಎಂದು ಕರೆಯುವುದು ಊರು ಗೊತ್ತಿಲ್ಲದವನನ್ನು ಸಂತೆಯಲ್ಲಿ ಕೈಬಿಟ್ಟು ‘ಎಲ್ಲಿ ಬೇಕಾದರೂ ಹೋಗು’ ಎಂದಂತೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನ ಓದಿದ ಪ್ರತಿಯೊಬ್ಬರೂ ಬಾಯಿಪಾಠ ಮಾಡಿರುತ್ತಾರೆ. ಪ್ರತಿವರ್ಷ ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಬೀಳುತ್ತದೆ. ಆ ಸೂತ್ರಗಳಲ್ಲಿ ಎರಡನೆಯದು ಓದುಗನಿಗೆ ತಕ್ಕ ಪುಸ್ತಕ ಸಿಗಬೇಕೆನ್ನುತ್ತದೆ, ಮೂರನೆಯದು ಪುಸ್ತಕಕ್ಕೆ ತಕ್ಕ ಓದುಗ ಸಿಗಬೇಕೆನ್ನುತ್ತದೆ. ಈ ಎರಡರ ನಡುವೆ ಒಬ್ಬ ಮನುಷ್ಯ ಬಾಯಿ ಬಿಡದಿದ್ದರೆ ಎರಡೂ ಗೋಡೆಯ ಬರಹವಾಗಿ ಉಳಿಯುತ್ತವೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ಅಲ್ಲೇ ತೀರಿಕೊಂಡ ರಂಗನಾಥನ್ ಅವರನ್ನು ನಾವು ಹಾರಕ್ಕೆ ಇಟ್ಟುಕೊಂಡು, ಮಾತನ್ನು ಕೈಬಿಟ್ಟಿದ್ದೇವೆ.

ಈಗ ಒಂದು ಬಗೆಯ ಓದುಗನಿಗೆ ಬೇರೆ ಬಗೆಯ ಪುಸ್ತಕ ಕೊಡುವ ಮಾತು. ಒಬ್ಬರು ಒಂದು ಬಗೆಯನ್ನೇ ಓದುತ್ತಾರೆ, ಅದರಲ್ಲೇ ಇನ್ನೊಂದನ್ನು ಕೊಟ್ಟರಾಯಿತು ಎಂಬುದು ಪುಸ್ತಕದಂಗಡಿಯ ತರ್ಕ. ಸಿಯಾಟಲ್ ನಗರದ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಇದಕ್ಕಿಂತ ಬುದ್ಧಿವಂತಿಕೆಯ ದಾರಿ ತೋರಿಸಿದರು. ಓದುಗ ಕಾದಂಬರಿಯೊಳಗೆ ಹೋಗುವುದು ನಾಲ್ಕು ಬಾಗಿಲಲ್ಲಿ ಯಾವುದೋ ಒಂದರಿಂದ: ಕಥೆ, ಪಾತ್ರ, ಜಾಗ, ಭಾಷೆ. ಬಗೆ ಬೇರೆಯಾದರೂ ಬಾಗಿಲು ಒಂದೇ ಆದರೆ ಓದುಗ ಹೆಜ್ಜೆ ತಪ್ಪುವುದಿಲ್ಲ. ಇದನ್ನು ನಮ್ಮ ಕಪಾಟಿಗೆ ಹಚ್ಚಿ ನೋಡೋಣ. ಗಂಗಾವತಿಯ ಓದುಗನೊಬ್ಬ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ಓದಿ ಮರಳಿಸುತ್ತಾನೆ ಎಂದುಕೊಳ್ಳಿ. ವಿಜಯನಗರದ ನಿಧಿಯ ಬೆನ್ನು ಹತ್ತುವ ರೋಚಕ ಕಾದಂಬರಿ. ಅವನಿಗೆ ಹಿಡಿಸಿದ್ದು ರೋಚಕತೆಯೋ, ಊರಿನಾಚೆಯೇ ಇರುವ ಆನೆಗೊಂದಿ, ಹಂಪಿಯ ಕಲ್ಲುಗಳೋ? ಎರಡನೆಯದಾದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಅವನ ಮುಂದಿನ ಪುಸ್ತಕ. ಅದು ನಿಧಿಯ ಕಥೆಯಲ್ಲ, ಲಿಸ್ಬನ್ನಿನಿಂದ ಹೊರಟ ಪ್ರೇಮವೂ ಧರ್ಮದ ಕ್ರೌರ್ಯವೂ ನಮ್ಮ ಹೊಳೆಯ ದಂಡೆಗೆ ಬಂದು ಮುಟ್ಟುವ ಕಥೆ. ಅಲ್ಲಿಂದ ಮನಸ್ಸಾದರೆ ಅದೇ ವಿಜಯನಗರ ಹುಟ್ಟಿದ ಬಗೆಯನ್ನು ಹೇಳುವ ಗಳಗನಾಥರ ‘ಮಾಧವ ಕರುಣಾ ವಿಲಾಸ’ಕ್ಕೆ ಹಿಂದೆ ಹೋಗಬಹುದು. ಭಾಷೆ ಹಳತು, ಮೊದಲ ಮೂವತ್ತು ಪುಟ ತಾಳ್ಮೆ ಬೇಡುತ್ತದೆ ಎಂದು ಮೊದಲೇ ಹೇಳಿ ಕೊಡಬೇಕು, ಅಷ್ಟೇ. ಮೂರು ಪುಸ್ತಕ, ಮೂರು ಬಗೆ, ಮೂರು ಕಾಲ. ಜೋಡಿಸಿದ್ದು ತುಂಗಭದ್ರೆ.

ಪಾತ್ರದ ಬಾಗಿಲಿನಿಂದ ಬರುವವರದು ಇನ್ನೊಂದು ದಾರಿ. ಸಾಯಿಸುತೆಯವರ ಕಾದಂಬರಿಗಳನ್ನು ಒಂದರ ಹಿಂದೊಂದು ಒಯ್ಯುವ ಹೆಂಗಸರನ್ನು ಕಂಡರೆ ‘ಸಾಹಿತ್ಯಾಭಿಮಾನಿ’ಗಳಿಗೆ ತುಟಿಯಂಚಿನಲ್ಲಿ ನಗು. ಆ ಓದುಗರು ಹುಡುಕುತ್ತಿರುವುದು ಮನೆಯೊಳಗೆ ಸಿಕ್ಕಿಬಿದ್ದ ಹೆಣ್ಣಿನ ಸಂಕಟಕ್ಕೆ ಒಂದು ಮಾತು ಎಂದು ಅರ್ಥವಾದರೆ ನಗು ನಿಲ್ಲುತ್ತದೆ. ಅವರ ಕೈಗೆ ತ್ರಿವೇಣಿಯವರ ‘ಶರಪಂಜರ’ ಹೋಗಬೇಕು. ಮಾನಸಿಕ ಕಾಯಿಲೆ ವಾಸಿಯಾಗಿ ಬಂದವಳನ್ನು ಮನೆ ಮತ್ತೆ ಒಳಗೆ ಬಿಟ್ಟುಕೊಳ್ಳದ ಕಥೆಯದು, ಸಿನಿಮಾ ನೋಡಿದವರಿಗೆ ಅರ್ಧ ಪರಿಚಯ ಆಗಲೇ ಇರುತ್ತದೆ. ಅದರಾಚೆ ಗೀತಾ ನಾಗಭೂಷಣರ ‘ಬದುಕು’. ಅಲ್ಲಿನ ಹೆಂಗಸರ ಮಾತು ಕಲಬುರಗಿ ಕಡೆಯದು, ಯಲಬುರ್ಗಾದ ಓದುಗರಿಗೆ ಬೆಂಗಳೂರಿನ ಡ್ರಾಯಿಂಗ್ ರೂಮಿನ ಕನ್ನಡಕ್ಕಿಂತ ಹತ್ತಿರದ್ದು. ಭಾಷೆಯ ಬಾಗಿಲಿನವರಿಗೆ ಕುಂ. ವೀರಭದ್ರಪ್ಪನವರ ‘ಅರಮನೆ’ ಇದೆ. ಶ್ರಾವಣದ ರಾತ್ರಿ ಮಠದಲ್ಲಿ ಪುರಾಣ ಕೇಳಿ ಬೆಳೆದ ಕಿವಿಗೆ ಆ ಉದ್ದುದ್ದ ವಾಕ್ಯಗಳ ಓಟ ಅಪರಿಚಿತವಲ್ಲ. ಕಾಲೇಜಿನಲ್ಲಿ ಕಷ್ಟವೆಂದು ಪಕ್ಕಕ್ಕಿಡುವ ಪುಸ್ತಕವನ್ನು ಪುರಾಣದ ರೂಢಿಯಿರುವ ಹಿರಿಯರೊಬ್ಬರು ಸಲೀಸಾಗಿ ಓದಬಲ್ಲರು. ಇದು ಯಾವ ಯಾದಿಯಲ್ಲೂ ಬರೆದಿರುವುದಿಲ್ಲ. ಊರಿನ ಕಿವಿ ಬಲ್ಲ ಮೇಲ್ವಿಚಾರಕರಿಗೆ ಮಾತ್ರ ಹೊಳೆಯುವ ಸಂಗತಿ.

ಇಲ್ಲಿ ಇನ್ನೊಂದು ಗುಂಪಿನವರು ಎದ್ದು ನಿಲ್ಲುತ್ತಾರೆ. ಇವರು ಕಾದಂಬರಿಯ ವಿರೋಧಿಗಳಲ್ಲ, ಕಾದಂಬರಿಯ ಕಾವಲುಗಾರರು. ಹೇಳುವುದಾದರೆ ಶ್ರೇಷ್ಠವಾದುದನ್ನೇ ಹೇಳಬೇಕು, ಪತ್ತೇದಾರಿ, ಮಾಟ-ಮಂತ್ರ, ಪ್ರೇಮಕಥೆಗಳನ್ನು ಸರ್ಕಾರಿ ಸಿಬ್ಬಂದಿ ಶಿಫಾರಸು ಮಾಡುವುದೆಂದರೆ ಅಭಿರುಚಿ ಕೆಡಿಸಿದಂತೆ ಎಂಬುದು ಅವರ ಮಾತು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನ ಬೆನ್ನಿಗೆ ಒಂದಿಡೀ ತಲೆಮಾರನ್ನು ಹಚ್ಚಿದರು. ಆ ತಲೆಮಾರಿನ ಬಹಳಷ್ಟು ಮಂದಿಗೆ ಕನ್ನಡದ ಓದು ಅಂಟಿಕೊಂಡದ್ದು ಅಲ್ಲಿ. ಇನ್ನು ಶ್ರೇಷ್ಠತೆಯ ಗಡಿ ಎಲ್ಲಿದೆ ಎಂದು ಹುಡುಕಹೊರಟರೆ ಕಾವಲುಗಾರರ ಕಾಲೇ ಎಡವುತ್ತದೆ. 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತೇಜಸ್ವಿಯವರ ‘ಚಿದಂಬರ ರಹಸ್ಯ’ದ ನಡುಗಂಬವೇ ಅನುಮಾನಾಸ್ಪದ ಸಾವೊಂದರ ತನಿಖೆ. ‘ಜುಗಾರಿ ಕ್ರಾಸ್’ ಒಂದು ಹಗಲು ಒಂದು ರಾತ್ರಿಯಲ್ಲಿ ಉಸಿರುಗಟ್ಟಿ ಓಡುವ ಥ್ರಿಲ್ಲರ್. ‘ಕರ್ವಾಲೋ’ ಜೇನಿನಿಂದ ಶುರುವಾಗಿ ಹಾರುವ ಓತಿಯ ಬೆನ್ನು ಹತ್ತುತ್ತದೆ, ಅದನ್ನು ವಿಜ್ಞಾನದ ಕಾದಂಬರಿ ಎನ್ನುವಿರೋ, ಹಳ್ಳಿಯ ಹಾಸ್ಯ ಎನ್ನುವಿರೋ? ಲೇಖಕರೇ ದಾಟಿದ ಬೇಲಿಯನ್ನು ಗ್ರಂಥಾಲಯದಲ್ಲಿ ಮತ್ತೆ ಕಟ್ಟುವುದು ವ್ಯರ್ಥ ಶ್ರಮ. ಹಾಗೆಂದು ನರಸಿಂಹಯ್ಯನವರಿಂದ ತೇಜಸ್ವಿಗೆ, ತೇಜಸ್ವಿಯಿಂದ ಇನ್ನೊಬ್ಬರಿಗೆ ಓದುಗನನ್ನು ಏಣಿ ಹತ್ತಿಸಬೇಕು ಎಂಬ ಉದಾರಿಗಳ ವಾದವೂ ನನಗೆ ಒಪ್ಪಿಗೆಯಿಲ್ಲ. ಅದರಲ್ಲೂ ಓದುಗನ ಇಂದಿನ ರುಚಿಯನ್ನು ಕೆಳಗಿನ ಮೆಟ್ಟಿಲು ಮಾಡುವ ತಿರಸ್ಕಾರವಿದೆ. ಓದು ಅಡ್ಡಡ್ಡ ಹಬ್ಬುತ್ತದೆ, ಕುಂಬಳದ ಬಳ್ಳಿಯ ಹಾಗೆ. ‘ಬದುಕು’ ಓದಿದವರು ಮತ್ತೆ ಸಾಯಿಸುತೆಗೆ ಮರಳಿದರೆ ಅದು ಬೀಳುವಿಕೆಯಲ್ಲ.

ಹಾಗೆ ನೋಡಿದರೆ ಈ ಸೀಮೆಯ ಜನ ಬಗೆಯ ಬೇಲಿಯನ್ನು ಎಂದೂ ಒಪ್ಪಿದವರಲ್ಲ. ದೊಡ್ಡಾಟದಲ್ಲಿ ಪುರಾಣದ ಕಾಳಗ ನೋಡಿದವರೇ ಜಾತ್ರೆಯ ಮರುದಿನ ಸಾಮಾಜಿಕ ನಾಟಕಕ್ಕೆ ಕೂತರು. ಕುಷ್ಟಗಿಯ ಪಕ್ಕದ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿಹಳ್ಳಿಯ ಸ್ಟೇಜಿನ ಮೇಲೆ ಮೆರೆದು ಆಮೇಲೆ ರಾಜಕುಮಾರ್ ಸಿನಿಮಾ ಆಯಿತು. ಅಳು, ನಗು, ಹೊಡೆದಾಟ, ನೀತಿ ಎಲ್ಲವೂ ಒಂದೇ ರಾತ್ರಿಯಲ್ಲಿ. ಹೇಳುವವರಿಲ್ಲದೆ ಪುಸ್ತಕ ಜನರನ್ನು ಮುಟ್ಟಿದ ಉದಾಹರಣೆಯೂ ನಮ್ಮಲ್ಲಿ ಕಡಿಮೆ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹೊತ್ತವರು ಬಾಯಿ ಮುಚ್ಚಿಕೊಂಡು ಮಾರಿರಲಾರರು. ಮಠದ ಕಟ್ಟೆಯಲ್ಲಿ ಪುರಾಣಿಕರು ಓದಿದರೆ ಸಾಲದು, ಅರ್ಥ ಬಿಡಿಸಿ ಹೇಳಲೇಬೇಕು. ನಿಜಾಮರ ಕಾಲದಲ್ಲಿ ಶಾಲೆಯ ಮಾತು ಉರ್ದುವಾಗಿದ್ದ ಈ ನೆಲದಲ್ಲಿ ಕನ್ನಡದ ಓದು ಉಳಿದುಕೊಂಡದ್ದರಲ್ಲಿ ಇಂಥ ಹೇಳುವವರ ಪಾಲು ದೊಡ್ಡದು. ಕವಿರಾಜಮಾರ್ಗ ತಿರುಳ್ಗನ್ನಡದ ಎಲ್ಲೆ ಗುರುತಿಸುವಾಗ ಕೊಪಣ ನಗರವನ್ನು ಹೆಸರಿಸಿದೆ ಎಂದು ನಾವು ವೇದಿಕೆ ಸಿಕ್ಕಾಗಲೆಲ್ಲ ಎದೆಯುಬ್ಬಿಸುತ್ತೇವೆ. ಆ ಹೆಮ್ಮೆಯ ಒಂದು ಪಾಲನ್ನಾದರೂ ಗ್ರಂಥಾಲಯದ ಮೇಜಿನ ಮೇಲೆ ಖರ್ಚು ಮಾಡಬಾರದೇ?

ಸಿಬ್ಬಂದಿ ತಮ್ಮ ಜಾತಿಯ, ತಮ್ಮ ಪಕ್ಷದ ಲೇಖಕರನ್ನೇ ತಳ್ಳಿಬಿಟ್ಟರೆ ಎಂಬ ಆಕ್ಷೇಪಕ್ಕೆ ತೂಕವಿದೆ. ತಳ್ಳುವವರು ಇರುತ್ತಾರೆ. ಆದರೆ ಬಾಯಿ ಮುಚ್ಚಿಸಿದರೆ ಪಕ್ಷಪಾತ ಹೋಗುವುದಿಲ್ಲ, ಯಾರು ಮಾಡಿದ್ದೆಂದು ಕಾಣದ ಹಾಗಾಗುತ್ತದೆ. ಖರೀದಿ ಸಮಿತಿ ಆಗಲೇ ಶಿಫಾರಸು ಮಾಡಿದೆ. ಕಣ್ಣಿನ ಮಟ್ಟದ ಹಲಗೆಯಲ್ಲಿ ಯಾವುದಿದೆ, ನೆಲದ ಹಲಗೆಯಲ್ಲಿ ಯಾವುದಿದೆ ಎಂಬುದೂ ಒಂದು ಶಿಫಾರಸೇ. ಬಾಯಿಮಾತಿನ ಸಲಹೆಯನ್ನಾದರೆ ಓದುಗ ‘ಬ್ಯಾಡ್ರಿ’ ಎಂದು ತಿರುಗಿಸಬಹುದು. ಇದಕ್ಕಿಂತ ಒಳ್ಳೆಯ ಕಡಿವಾಣ, ಮೊದಲು ಕೇಳಿ ಆಮೇಲೆ ಹೇಳುವ ರೂಢಿ: ‘ಹಿಂದ ಯಾವ್ದು ಓದಿದ್ರಿ? ಏನು ಚಲೋ ಅನಿಸ್ತು?’ ಈ ಎರಡು ಪ್ರಶ್ನೆಯಿಂದ ಹೊರಡುವ ಸಲಹೆ ಓದುಗನ ರುಚಿಗೆ ಕಟ್ಟುಬಿದ್ದಿರುತ್ತದೆ, ಹೇಳುವವರ ಚಪಲಕ್ಕಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಿಬ್ಬಂದಿಯ ಬವಣೆಯದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಬರಬರುತ್ತ ‘ಅರಿವು ಕೇಂದ್ರ’ಗಳಾದವು. 2020ರಲ್ಲಿ ‘ಓದುವ ಬೆಳಕು’ ಅಭಿಯಾನ ಶುರುವಾಗಿ ಮಕ್ಕಳು ಸದಸ್ಯರಾದರು. ಕಂಪ್ಯೂಟರು ಬಂತು. ಇದೆಲ್ಲ ಮೆಚ್ಚತಕ್ಕದ್ದೇ. ಆದರೆ ಮೇಲ್ವಿಚಾರಕರು ವರ್ಷಗಟ್ಟಲೆ ಗೌರವಧನದ ಮೇಲೆ ದುಡಿದವರು, ಪಂಚಾಯಿತಿಯ ಸಮೀಕ್ಷೆ, ಸಭೆ, ಫೋಟೋ ಕಳಿಸುವ ಕೆಲಸ ಅವರ ತಲೆಗೇ ಬರುತ್ತದೆ. ಪುಸ್ತಕ ಕಳೆದರೆ ತಮ್ಮ ಕೈಯಿಂದ ಕಟ್ಟಬೇಕೆಂಬ ಭಯ ಬೇರೆ. ಸ್ಟೀಲಿನ ಕಪಾಟಿಗೆ ಬೀಗ ಬೀಳುವುದು ಆ ಭಯದಿಂದ. ಇಂಥವರ ಮೇಲೆ ಇನ್ನೊಂದು ಹೊರೆಯೇ ಎಂದು ಕೇಳುವವರ ಕಾಳಜಿ ನಿಜವಾದದ್ದು. ಹಾಗಿದ್ದರೆ ಹೊರೆಯಾದದ್ದನ್ನು ಇಳಿಸಿ, ಕೆಲಸವನ್ನಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಾವಳಿಯೇ ವರ್ಷದಲ್ಲಿ ಎರವಲು ಕೊಟ್ಟ, ಓದಲು ಬಳಸಿದ ಸಾವಿರ ಪುಸ್ತಕಕ್ಕೆ ಐದು ಕಳೆಯುವುದನ್ನು ಸಹಜ ನಷ್ಟವೆಂದು ಒಪ್ಪುತ್ತದೆ. ಆ ಧೈರ್ಯ ಪಂಚಾಯಿತಿಯ ಮಟ್ಟದವರೆಗೆ ಇಳಿದರೆ ಬೀಗ ತೆರೆಯುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ, ಮೇಲ್ವಿಚಾರಕರಿಗೆ ವರ್ಷಕ್ಕೆರಡು ದಿನ ಕಾದಂಬರಿ ಓದಿ ಮಾತಾಡುವ ತರಬೇತಿ ಅದಕ್ಕೆ ಭಾರವಾಗದು. ಎರವಲು ರಿಜಿಸ್ಟರಿನಲ್ಲಿ ದಿನಾಂಕ, ಸದಸ್ಯರ ಸಂಖ್ಯೆ, ಪುಸ್ತಕದ ಪರಿಗ್ರಹಣ ಸಂಖ್ಯೆ, ಸಹಿ, ಮರಳಿಸಿದ ದಿನಾಂಕ ಇಷ್ಟಕ್ಕೆ ಕಾಲಂ ಇರುತ್ತದೆ. ಓದಿದವರಿಗೆ ಹೇಗನಿಸಿತು ಎಂಬುದಕ್ಕೆ ಇಲ್ಲ. ಅದೊಂದನ್ನು ಪಟ್ಟಿ ಹಿಡಿದು ಎಳೆದುಕೊಂಡರೆ ಆರು ತಿಂಗಳಲ್ಲಿ ಆ ಊರಿನದೇ ಒಂದು ಯಾದಿ ಸಿದ್ಧವಾಗುತ್ತದೆ.

ಮೊಬೈಲು ಬಂದ ಮೇಲೆ ಯಾರು ಓದುತ್ತಾರೆ ಎಂಬ ಮಾತಿಗೆ ಹೆಚ್ಚು ಜಾಗ ಕೊಡಲಾರೆ. ಪ್ರತಿಲಿಪಿಯಲ್ಲಿ ಕನ್ನಡ ಧಾರಾವಾಹಿಗಳನ್ನು ಕಂತುಕಂತಾಗಿ ಓದುವವರು ಇರುವುದು ಅದೇ ಮೊಬೈಲಿನಲ್ಲಿ. ಕಥೆಯ ಹಸಿವು ಹೋಗಿಲ್ಲ, ಬಡಿಸುವ ಜಾಗ ಬದಲಾಗಿದೆ. ಆ ಹಸಿವಿಗೆ ಭಾಷೆಯ ಬೇಲಿಯೂ ಇಲ್ಲ. ಕಾರಟಗಿ, ಗಂಗಾವತಿ ಸುತ್ತಿನ ತೆಲುಗು ವಲಸಿಗರ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದು ಎಷ್ಟು ಜನರ ನಿದ್ದೆ ಕೆಡಿಸಿತೆಂಬುದು ಹಳೆಯ ಓದುಗರಿಗೆ ಗೊತ್ತು. ಅಜ್ಜಿಗೆ ತೆಲುಗಿನಲ್ಲಿ ಗೊತ್ತಿರುವ ಕಥೆ, ಮೊಮ್ಮಗಳಿಗೆ ಕನ್ನಡದಲ್ಲಿ. ಆ ಮನೆಗೆ ಯಾವ ಪುಸ್ತಕ ಮೊದಲು ಹೋಗಬೇಕೆಂದು ಬೆಂಗಳೂರಿನ ಸಮಿತಿಗೆ ತಿಳಿಯಬೇಕಾಗಿಲ್ಲ, ಕ್ಯಾಂಪಿನ ಗ್ರಂಥಾಲಯದವರಿಗೆ ತಿಳಿದಿದ್ದರೆ ಸಾಕು.

ಇಷ್ಟೆಲ್ಲ ಓದಿದ ಸಿಬ್ಬಂದಿಯನ್ನು ಎಲ್ಲಿಂದ ತರೋಣ ಎನ್ನುವವರಿಗೆ: ಎಲ್ಲವನ್ನೂ ಓದಿರಬೇಕಿಲ್ಲ, ಊರಿಗೆ ಹೊಂದುವ ಐದಾರನ್ನು ಬಲ್ಲವರಾದರೆ ಶುರುಮಾಡಬಹುದು. ಉದಾಹರಣೆಗೆ, ಮೊನ್ನೆಮೊನ್ನೆಯವರೆಗೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರಿಗೆ ಹೋದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ, ಕಟ್ಟಿಸಿದ್ದು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಬಿರುದು ತ್ರಿಭುವನಮಲ್ಲ. ಅದೇ ತಾಲ್ಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರನ್ನು ಜನ ಬಲ್ಲದ್ದು ಕವಿ ಕಾವ್ಯಾನಂದರೆಂದು, ಆದರೆ ಅವರು ‘ತ್ರಿಭುವನಮಲ್ಲ’ ಎಂಬ ಕಾದಂಬರಿಯನ್ನೂ ಬರೆದಿದ್ದಾರೆ. ಗುಡಿ ನೋಡಲು ಪರವೂರಿನಿಂದ ಜನ ಬರುತ್ತಾರೆ, ಗುಡಿಯ ನೆರಳಿನಲ್ಲೇ ಆಡಿ ಬೆಳೆದ ಹುಡುಗ ಗ್ರಂಥಾಲಯಕ್ಕೆ ಬಂದು ‘ಏನರ ಕೊಡ್ರಿ’ ಎನ್ನುತ್ತಾನೆ. ಅವನ ಕೈಗೆ ಆ ಪುಸ್ತಕ ಇಡುವಾಗ ಹೇಳಬೇಕಾದ್ದು ಇಷ್ಟೇ: ‘ನಿಮ್ಮೂರ ಗುಡಿ ಕಟ್ಟಿಸಿದ ಕಾಲದ ರಾಜನ ಕಥಿ ಐತಿ. ಬರದವ್ರು ದ್ಯಾಂಪುರದವ್ರು. ಓದಿ ಹೆಂಗನಿಸ್ತು ಬಂದು ಹೇಳು.’